ಹಸುಗಳಿಗೆ ಸೂಜಿ ಹಾಕಿಸಲು ಸೈನ್ಯ ಬಂದಿತ್ತು: ಅಯೋವಾದ ಸೀಡರ್ ಕೌಂಟಿಯ ಕಥೆ

ನಮ್ಮ ಮನೆಗಳಲ್ಲಿ ಹಾಲು ಬಂದ ಕೂಡಲೇ ಒಲೆಯ ಮೇಲೆ ಇಡುತ್ತಾರೆ. ಉಕ್ಕಿ ಬರುವ ತನಕ ಕಾಯಿಸುತ್ತಾರೆ. ಯಾಕೆ ಅಂತ ಯಾರೂ ಕೇಳುವುದಿಲ್ಲ. ಅಜ್ಜಿ ಮಾಡುತ್ತಿದ್ದರು, ಅಮ್ಮ ಮಾಡುತ್ತಾರೆ, ನಾವೂ ಮಾಡುತ್ತೇವೆ. ಆ ಒಂದು ಅಭ್ಯಾಸದಿಂದ ಎಷ್ಟು ಕಾಯಿಲೆಗಳು ನಮ್ಮ ಹೊಸ್ತಿಲು ದಾಟದೆ ಹಿಂದೆ ಹೋಗಿವೆಯೋ!

ಅಮೆರಿಕದ ಹಳ್ಳಿಗಾಡಿನಲ್ಲಿ ನೂರು ವರ್ಷದ ಹಿಂದೆ ಈ ಅಭ್ಯಾಸ ಇರಲಿಲ್ಲ. ಕರೆದ ಹಾಲನ್ನು ಸೋಸಿ, ತಣ್ಣಗಿಟ್ಟು, ಹಸಿಯಾಗಿಯೇ ಕುಡಿಯುತ್ತಿದ್ದರು. ಹಾಗಾಗಿ ಹಸುವಿನ ಟಿಬಿ ಅಲ್ಲಿ ಮನುಷ್ಯರ ಕಾಯಿಲೆಯೂ ಆಗಿತ್ತು. ಮಕ್ಕಳಿಗಂತೂ ಜಾಸ್ತಿ. ಅದನ್ನು ತಡೆಯಲು ಸರ್ಕಾರ ಪ್ರತಿ ಕೊಟ್ಟಿಗೆಗೂ ದನದ ಡಾಕ್ಟರನ್ನು ಕಳಿಸಿತು. ಬಹಳ ಕಡೆ ರೈತರು ಗೊಣಗಿಕೊಂಡು ಒಪ್ಪಿದರು. ಅಯೋವಾ ರಾಜ್ಯದ ಸೀಡರ್ ಕೌಂಟಿಯಲ್ಲಿ ಮಾತ್ರ ಅದು ಜಗಳವಾಗಿ, ಹೊಡೆದಾಟವಾಗಿ, ಕೊನೆಗೆ 1931ರ ಸೆಪ್ಟೆಂಬರ್‌ನಲ್ಲಿ ಸುಮಾರು 2,000 ಸೈನಿಕರು ಬಂದು ಇಳಿಯುವ ಮಟ್ಟಕ್ಕೆ ಹೋಯಿತು. ಅಲ್ಲಿನ ಜನ ಇದನ್ನು ಇವತ್ತಿಗೂ 'ಹಸು ಯುದ್ಧ' ಅಂತಲೇ ಕರೆಯುತ್ತಾರೆ.

ಮೊದಲ ಸಲ ಕೇಳಿದಾಗ ಇದು ಓದುಬರಹ ಕಮ್ಮಿ ಇದ್ದ ರೈತರು ವಿಜ್ಞಾನಕ್ಕೆ ಅಡ್ಡ ನಿಂತ ಕಥೆ ಅನಿಸುತ್ತದೆ. ನನಗೂ ಹಾಗೇ ಅನಿಸಿತ್ತು. ಆದರೆ ಆ ಕೌಂಟಿಯ ಹಿಂದಿನ ನೂರು ವರ್ಷ ನೋಡಿದರೆ ಬೇರೆ ಒಂದು ಎಳೆ ಸಿಗುತ್ತದೆ. ಸರ್ಕಾರ ಕಾಗದ ಹಿಡಿದುಕೊಂಡು ಈ ಜನರ ಬಾಗಿಲಿಗೆ ಮೂರು ಸಲ ಬಂದಿದೆ. ಒಂದು ಸಲ ಒಬ್ಬ ಹುಡುಗನನ್ನು ಹಿಡಿಯಲು, ಒಂದು ಸಲ ಆಡುವ ಮಾತನ್ನು ನಿಲ್ಲಿಸಲು, ಒಂದು ಸಲ ಹಸುಗಳಿಗಾಗಿ. ಮೂರೂ ಸಲ ಜನ ನಡೆದುಕೊಂಡ ರೀತಿ ಬೇರೆ ಬೇರೆ. ಮೂರನೆಯದು ಅರ್ಥವಾಗಬೇಕಾದರೆ ಮೊದಲ ಎರಡನ್ನೂ ನೋಡಲೇಬೇಕು.

ಚೌಕ ಚೌಕದ ನೆಲ

ಅಯೋವಾ ಅಮೆರಿಕದ ಮಧ್ಯಭಾಗದ ರಾಜ್ಯ. ಅದರ ಪೂರ್ವದ ಗಡಿ ಮಿಸಿಸಿಪಿ ನದಿ. ಒಟ್ಟು 99 ಕೌಂಟಿಗಳಿವೆ. ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ತಾಲೂಕಿನಷ್ಟು ದೊಡ್ಡದು. ಆದರೆ ಅಧಿಕಾರ ತಾಲೂಕಿಗಿಂತ ಜಾಸ್ತಿ. ಕೌಂಟಿಗೆ ತನ್ನದೇ ನ್ಯಾಯಾಲಯದ ಕಟ್ಟಡ, ಜನ ವೋಟು ಹಾಕಿ ಆರಿಸಿದ ಮೇಲ್ವಿಚಾರಕರ ಮಂಡಳಿ, ಹಾಗೆಯೇ ಆರಿಸಿದ ಷರೀಫ್ ಇರುತ್ತಾರೆ. ಪೊಲೀಸ್ ಮುಖ್ಯಸ್ಥನೇ ವೋಟಿಗೆ ನಿಲ್ಲುವವನು ಎಂಬುದನ್ನು ನೆನಪಿಡಿ, ಮುಂದೆ ಉಪಯೋಗಕ್ಕೆ ಬರುತ್ತದೆ.

ಸೀಡರ್ ಕೌಂಟಿ ಹುಟ್ಟಿದ್ದು 1837ರಲ್ಲಿ, ಅಯೋವಾ ರಾಜ್ಯವಾಗುವುದಕ್ಕೆ 9 ವರ್ಷ ಮೊದಲು. ಇಲ್ಲಿ ಹರಿಯುವ ಸೀಡರ್ ನದಿಯಿಂದ ಆ ಹೆಸರು. ಉದ್ದ ಸುಮಾರು 24 ಮೈಲಿ, ಅಗಲವೂ ಅಷ್ಟೇ. 2020ರ ಜನಗಣತಿಯಲ್ಲಿ ಇಲ್ಲಿದ್ದವರು 18,505 ಜನ. ಕೌಂಟಿ ಕೇಂದ್ರ ಟಿಪ್ಟನ್, ಮೂರು ಸಾವಿರದ ಆಸುಪಾಸಿನ ಊರು.

ಈ ನೆಲ ಸಾಕ್ ಮತ್ತು ಮೆಸ್ಕ್ವಾಕಿ ಜನರದ್ದಾಗಿತ್ತು. 1832ರ ಯುದ್ಧದಲ್ಲಿ ಸಾಕ್ ನಾಯಕ ಬ್ಲ್ಯಾಕ್ ಹಾಕ್ ಸೋತ. ಅದೇ ವರ್ಷ ಸೆಪ್ಟೆಂಬರ್ 21ರಂದು ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡು, ಮಿಸಿಸಿಪಿಯ ಪಶ್ಚಿಮಕ್ಕೆ ಸುಮಾರು 60 ಲಕ್ಷ ಎಕರೆಯನ್ನು ಸರ್ಕಾರ ತೆಗೆದುಕೊಂಡಿತು. ಇವತ್ತಿನ ಸೀಡರ್ ಕೌಂಟಿಯ ಬಹುಪಾಲು ಆ ಪಟ್ಟಿಯಲ್ಲೇ ಬರುತ್ತದೆ. ದಾಖಲೆಗಳಲ್ಲಿ ಇದನ್ನು 'ಖರೀದಿ' ಎಂದು ಬರೆದಿದ್ದಾರೆ. ಸೋತವನ ಕೈಯಿಂದ ಬರೆಸಿಕೊಂಡದ್ದಕ್ಕೆ ಆ ಪದ ಹೊಂದುವುದಿಲ್ಲ. ಮೆಸ್ಕ್ವಾಕಿ ಜನ ಮಾತ್ರ ಪೂರ್ತಿ ಹೋಗಲಿಲ್ಲ. 1857ರಲ್ಲಿ ಅವರು ಪಶ್ಚಿಮದ ಟಾಮಾ ಕೌಂಟಿಯಲ್ಲಿ 80 ಎಕರೆ ಜಮೀನನ್ನು ದುಡ್ಡು ಕೊಟ್ಟು ವಾಪಸ್ ಕೊಂಡರು. ತಮ್ಮದೇ ನೆಲವನ್ನು! ಇವತ್ತಿಗೂ ಅಲ್ಲೇ ಇದ್ದಾರೆ.

ಹೊಸಬರು ಬರುವ ಮೊದಲೇ ಸರ್ವೇಯವರು ಸರಪಳಿ ಹಿಡಿದು ಬಂದರು. ಇಡೀ ನಾಡನ್ನು ಚದುರಂಗದ ಹಲಗೆಯಂತೆ ಚೌಕ ಚೌಕ ಮಾಡಿದರು. 6 ಮೈಲಿ ಉದ್ದ, 6 ಮೈಲಿ ಅಗಲದ ಒಂದು ಟೌನ್‌ಶಿಪ್. ಅದರೊಳಗೆ 36 ಸೆಕ್ಷನ್. ಒಂದು ಸೆಕ್ಷನ್ ಎಂದರೆ 640 ಎಕರೆ. ಅದರ ಕಾಲು ಭಾಗ 160 ಎಕರೆ, ಒಂದು ಕುಟುಂಬದ ಬೇಸಾಯಕ್ಕೆ ಸರಿಹೋಗುವ ಅಳತೆ. ಎಕರೆಗೆ ಒಂದೂಕಾಲು ಡಾಲರ್ ಕೊಟ್ಟರೆ ಪಟ್ಟಾ ಸಿಗುತ್ತಿತ್ತು.

ಈ ಲೆಕ್ಕ ಒಣ ವಿಷಯ ಅಂತ ದಾಟಿ ಹೋಗಬೇಡಿ. ಜನರ ಬದುಕು ಹೇಗಾಯಿತು ಎನ್ನುವುದು ಇದರಲ್ಲೇ ಇದೆ. ನಮ್ಮಲ್ಲಿ ಮನೆಗಳು ಊರಿನಲ್ಲಿ ಒಟ್ಟಿಗೆ ಇರುತ್ತವೆ, ಹೊಲ ಊರಾಚೆ. ಅಲ್ಲಿ ಪ್ರತಿ ರೈತನ ಮನೆ ಅವನ ಹೊಲದ ನಡುವೆಯೇ. ಪಕ್ಕದ ಮನೆ ಅರ್ಧ ಮೈಲಿ ದೂರ. ಗೇಟಿನಿಂದ ಒಳಗೆ ಬಂದವನು ಯಾರೇ ಆಗಲಿ, ಯಜಮಾನನ ಜಮೀನಿಗೆ ಕಾಲಿಟ್ಟ ಹಾಗೆ. ಅಧಿಕಾರಿ ಬಂದರೂ ಅಷ್ಟೇ. ಅವನು ಊರಿಗೆ ಬರುವುದಿಲ್ಲ, ನಿಮ್ಮ ಅಂಗಳಕ್ಕೇ ಬರುತ್ತಾನೆ. ಅವನ ಮುಂದೆ ಒಬ್ಬರೇ ನಿಲ್ಲಬೇಕು, ಇಲ್ಲವೇ ಫೋನು ಮಾಡಿ ಅಕ್ಕಪಕ್ಕದವರನ್ನೆಲ್ಲ ಕರೆಸಿಕೊಳ್ಳಬೇಕು.

ನೆಲ ಆಗ ಹೇಗಿತ್ತು ಎಂದು ನೋಡಬೇಕೆಂದರೆ ಒಂದು ಜಾಗ ಉಳಿದಿದೆ, ಅದೂ ಸ್ಮಶಾನ. ನದಿಯ ಹತ್ತಿರದ ರೋಚೆಸ್ಟರ್ ಎಂಬ ಪುಟ್ಟ ಊರಿನ ಸ್ಮಶಾನ, ಸುಮಾರು 13 ಎಕರೆ. ಮೊದಲು ಬಂದವರನ್ನು ಹೂಳಿದ್ದು ಇಲ್ಲೇ. ಹೆಣ ಹೂಳುವ ನೆಲವಾದ್ದರಿಂದ ನೇಗಿಲು ಬೀಳಲಿಲ್ಲ. ಹಾಗಾಗಿ ಆಳೆತ್ತರದ ಹುಲ್ಲು, ಹಳೆಯ ಓಕ್ ಮರಗಳು, ಮೇ ತಿಂಗಳಲ್ಲಿ ಗುಡ್ಡದ ತುಂಬ ಅರಳುವ ಕಾಡು ಹೂಗಳು ಉಳಿದುಕೊಂಡವು. 400ಕ್ಕೂ ಹೆಚ್ಚು ಜಾತಿಯ ಗಿಡಗಳನ್ನು ಅಲ್ಲಿ ಗುರುತಿಸಿದ್ದಾರೆ. ಇಡೀ ಅಯೋವಾದಲ್ಲಿ ಹಳೆಯ ಹುಲ್ಲುಗಾವಲು ನೂರರಲ್ಲಿ ಒಂದು ಪಾಲೂ ಉಳಿದಿಲ್ಲ. ಉಳಿದ ನೆಲವೆಲ್ಲ ಮೆಕ್ಕೆಜೋಳ, ಸೋಯಾ. ಹುಲ್ಲು ಕತ್ತರಿಸಿ ಸಮಾಧಿಗಳನ್ನು ಚೊಕ್ಕಟವಾಗಿಡಬೇಕೋ, ಹೂಗಳನ್ನು ಬಿಡಬೇಕೋ ಎಂದು ಅಲ್ಲಿನವರೇ ತಮ್ಮತಮ್ಮಲ್ಲಿ ವಾದ ಮಾಡಿದ್ದಾರೆ. ನಾನು ಹೂಗಳ ಪರ. ಆದರೆ ಅಲ್ಲಿ ನನ್ನ ಅಜ್ಜ ಮಲಗಿಲ್ಲ, ಅದೂ ನಿಜ.

ಮೊದಲ ಸಲ: ಒಬ್ಬ ಹುಡುಗನಿಗಾಗಿ

ಕೌಂಟಿಯ ದಕ್ಷಿಣ ಭಾಗಕ್ಕೆ 1850ರ ದಶಕದಲ್ಲಿ ಕ್ವೇಕರ್ ಪಂಥದವರು ಬಂದರು. ಸ್ಪ್ರಿಂಗ್‌ಡೇಲ್, ವೆಸ್ಟ್ ಬ್ರ್ಯಾಂಚ್ ಅವರ ಊರುಗಳು. ಇವರು ಕ್ರೈಸ್ತರೇ, ಆದರೆ ಯುದ್ಧ ಬೇಡ ಎನ್ನುವವರು. ಕೈಯಲ್ಲಿ ಆಯುಧ ಹಿಡಿಯುವುದಿಲ್ಲ. ಪ್ರಾರ್ಥನೆಗೆ ಸೇರಿದಾಗ ಸುಮ್ನೆ ಕೂತಿರುತ್ತಾರೆ, ಒಳಗಿನಿಂದ ಮಾತು ಬಂದವರು ಎದ್ದು ನುಡಿಯುತ್ತಾರೆ. ಹೆಂಗಸರೂ ನುಡಿಯಬಹುದು. ಮನುಷ್ಯರನ್ನು ಕೊಂಡು ಮಾರುವ ಗುಲಾಮಗಿರಿ ಪಾಪ ಎಂದು ಗಟ್ಟಿಯಾಗಿ ನಂಬಿದ್ದರು. ದಕ್ಷಿಣದ ರಾಜ್ಯಗಳಿಂದ ತಪ್ಪಿಸಿಕೊಂಡು ಬಂದವರಿಗೆ ಊಟ ಹಾಕಿ, ಅಡಗಿಸಿಟ್ಟು, ಮುಂದಿನ ಊರಿಗೆ ದಾಟಿಸುತ್ತಿದ್ದರು. ಆಗಿನ ಕಾನೂನಿನಲ್ಲಿ ಅದು ಅಪರಾಧ.

ಗುಲಾಮಗಿರಿಯನ್ನು ಕತ್ತಿ ಹಿಡಿದೇ ಮುಗಿಸಬೇಕು ಎಂದು ಹೊರಟಿದ್ದ ಜಾನ್ ಬ್ರೌನ್ ಇಂಥ ಊರಿಗೆ ಬಂದ. 1857ರ ಕೊನೆಯಿಂದ 1858ರ ವಸಂತದ ತನಕ ಅವನ ಸಂಗಡಿಗರು ಸ್ಪ್ರಿಂಗ್‌ಡೇಲ್ ಹತ್ತಿರ ವಿಲಿಯಂ ಮ್ಯಾಕ್ಸನ್ ಎಂಬ ರೈತನ ಮನೆಯಲ್ಲಿ ಚಳಿಗಾಲ ಕಳೆದರು. ಹಗಲು ಮರದ ಕತ್ತಿ ಹಿಡಿದು ಕವಾಯತು. ಸಂಜೆ ತಮ್ಮದೇ ಒಂದು ಅಣಕು ವಿಧಾನಸಭೆ ಮಾಡಿ ವಾದವಿವಾದ. ಊರಿನವರೂ ಬಂದು ಸೇರುತ್ತಿದ್ದರು. ಆಯುಧ ಮುಟ್ಟದ ಜನರ ನಡುವೆ ಯುದ್ಧದ ತಯಾರಿ! ಕ್ವೇಕರ್ ಹಿರಿಯರಿಗೆ ಇದು ಎಷ್ಟು ಸಂಕಟ ತಂದಿರಬೇಕು ಎಂದು ಯೋಚಿಸುತ್ತೇನೆ. ಆತನ ಗುರಿ ಅವರದ್ದೂ ಆಗಿತ್ತು, ದಾರಿ ಮಾತ್ರ ಅವರದ್ದಲ್ಲ.

ಮುಂದಿನ ವರ್ಷದ ಚಳಿಗಾಲದಲ್ಲಿ ಬ್ರೌನ್ ಮತ್ತೆ ಬಂದ. ಈ ಸಲ ಮಿಸೌರಿಯಿಂದ ಬಿಡಿಸಿಕೊಂಡು ಬಂದ ಗುಲಾಮರು ಜೊತೆಗಿದ್ದರು. ಹೊರಟಾಗ 11 ಜನ. ದಾರಿಯಲ್ಲಿ ಒಂದು ಮಗು ಹುಟ್ಟಿ 12 ಆಗಿದ್ದರು. 1859ರ ಮಾರ್ಚ್‌ನಲ್ಲಿ ಪಕ್ಕದ ವೆಸ್ಟ್ ಲಿಬರ್ಟಿಯಲ್ಲಿ ಅವರನ್ನು ಸರಕಿನ ರೈಲು ಡಬ್ಬಿಯಲ್ಲಿ ಕೂರಿಸಿ ಶಿಕಾಗೋ ಕಡೆಗೆ ಕಳಿಸಿದರು. ಅಲ್ಲಿಂದ ಮುಂದೆ ಹೋಗಿ ಕೆನಡಾ ಸೇರಿದರು.

ಬ್ರೌನ್ ಏನೋ ದೊಡ್ಡದಕ್ಕೆ ಕೈ ಹಾಕುತ್ತಿದ್ದಾನೆ ಎಂದು ಗೊತ್ತಾದಾಗ ಇಲ್ಲಿನ ಕೆಲವರಿಗೆ ಅವನ ಪ್ರಾಣದ ಚಿಂತೆ ಹತ್ತಿತು. 1859ರ ಆಗಸ್ಟ್‌ನಲ್ಲಿ ಯುದ್ಧ ಸಚಿವ ಜಾನ್ ಫ್ಲಾಯ್ಡ್‌ಗೆ ಹೆಸರಿಲ್ಲದ ಒಂದು ಪತ್ರ ಹೋಯಿತು. ದಾಳಿ ಆಗಲಿದೆ, ಕಾವಲು ಹೆಚ್ಚಿಸಿ ಎಂದು. ಕಾವಲು ಬಿಗಿಯಾದರೆ ಬ್ರೌನ್ ಹಿಂದೆ ಸರಿಯುತ್ತಾನೆ, ಜೀವ ಉಳಿಯುತ್ತದೆ ಎಂಬ ಆಸೆ. ಸಚಿವ ಪತ್ರವನ್ನು ನಂಬಲಿಲ್ಲ, ಪಕ್ಕಕ್ಕಿಟ್ಟ.

ಅಕ್ಟೋಬರ್ 16ರ ರಾತ್ರಿ ವರ್ಜೀನಿಯಾದ ಹಾರ್ಪರ್ಸ್ ಫೆರಿಯಲ್ಲಿದ್ದ ಸರ್ಕಾರಿ ಶಸ್ತ್ರಾಗಾರದ ಮೇಲೆ ದಾಳಿ ನಡೆಯಿತು, ಎರಡೇ ದಿನದಲ್ಲಿ ಮುರಿದುಬಿತ್ತು. ದಾಳಿಯಲ್ಲಿ ಸ್ಪ್ರಿಂಗ್‌ಡೇಲ್‌ನ ಅಣ್ಣತಮ್ಮಂದಿರು ಇಬ್ಬರಿದ್ದರು, ಎಡ್ವಿನ್ ಕಾಪಾಕ್ ಮತ್ತು ಬಾರ್ಕ್ಲೆ ಕಾಪಾಕ್. ಕ್ವೇಕರ್ ತಾಯಿಯ ಮಕ್ಕಳು. ಎಡ್ವಿನ್ ಸಿಕ್ಕಿಬಿದ್ದ. ಡಿಸೆಂಬರ್ 16ರಂದು ಅವನನ್ನು ಗಲ್ಲಿಗೇರಿಸಿದರು. ಇಪ್ಪತ್ತನಾಲ್ಕು ವರ್ಷದ ಹುಡುಗ. ಬಾರ್ಕ್ಲೆ ತಪ್ಪಿಸಿಕೊಂಡು, ಬೆಟ್ಟ ಕಾಡು ದಾಟಿ, ಅಣ್ಣ ಸತ್ತ ಮರುದಿನ ಸ್ಪ್ರಿಂಗ್‌ಡೇಲ್‌ಗೆ ಬಂದು ಮುಟ್ಟಿದ.

ಅವನನ್ನು ಒಪ್ಪಿಸಿ ಎಂದು ವರ್ಜೀನಿಯಾದಿಂದ ಕಾಗದ ಬಂತು. ಅಲ್ಲಿ ಗವರ್ನರ್ ಎಂದರೆ ನಮ್ಮ ಮುಖ್ಯಮಂತ್ರಿಯ ಹಾಗೆ, ಜನ ವೋಟು ಹಾಕಿ ಆರಿಸಿದ ರಾಜ್ಯದ ಮುಖ್ಯಸ್ಥ. ಅಯೋವಾ ಗವರ್ನರ್ ಸ್ಯಾಮ್ಯುಯೆಲ್ ಕರ್ಕ್‌ವುಡ್ ಕಾಗದವನ್ನು ಓದಿ, ಕಾನೂನಿನ ಪ್ರಕಾರ ಇದರಲ್ಲಿ ಲೋಪಗಳಿವೆ ಎಂದು ವಾಪಸ್ ಕಳಿಸಿದರು. ಅಷ್ಟರಲ್ಲಿ ರಾಜಧಾನಿ ಡೆ ಮಾಯ್ನ್‌ನಿಂದ ಒಬ್ಬ ಕುದುರೆ ಸವಾರ ಸುದ್ದಿ ಹೊತ್ತು ಸ್ಪ್ರಿಂಗ್‌ಡೇಲ್‌ಗೆ ಓಡಿದ. ತಿದ್ದಿದ ಕಾಗದ ಮತ್ತೆ ಬಂದು, ವಾರಂಟ್ ಹೊರಡುವ ಹೊತ್ತಿಗೆ ಹುಡುಗ ಕೆನಡಾ ದಾರಿ ಹಿಡಿದಿದ್ದ. ಬಾರ್ಕ್ಲೆ ಮಾತ್ರ ಹೆಚ್ಚು ದಿನ ಬದುಕಲಿಲ್ಲ. ಅಂತರ್ಯುದ್ಧ ಶುರುವಾದಾಗ ಉತ್ತರದ ಸೈನ್ಯ ಸೇರಿದ. 1861ರಲ್ಲಿ ದಕ್ಷಿಣದ ಪರದವರು ಸುಟ್ಟು ಸಡಿಲಗೊಳಿಸಿದ್ದ ಸೇತುವೆಯ ಮೇಲೆ ಅವನಿದ್ದ ರೈಲು ಬಿದ್ದು ಸತ್ತ.

ಹೀಗೆ ಮೊದಲ ಸಲ ಕಾನೂನು ಬಾಗಿಲಿಗೆ ಬಂದಾಗ ಊರಿಗೆ ಊರೇ ಅದರ ಎದುರು ನಿಂತಿತು. ಗವರ್ನರ್ ಕೂಡ ಒಳಗೊಳಗೇ ಊರಿನ ಕಡೆಗಿದ್ದರು. ಇವತ್ತು ಆ ಜಾಗಗಳಲ್ಲಿ ಸ್ಮಾರಕ ಫಲಕಗಳಿವೆ.

ಎರಡನೆಯ ಸಲ: ಆಡುವ ಮಾತಿಗಾಗಿ

ಕೌಂಟಿಯ ಪೂರ್ವ ಭಾಗದ ಕಥೆ ಬೇರೆ. 1850ರ ದಶಕದ ಕೊನೆಗೆ ಉತ್ತರದ ಅಂಚಿನಲ್ಲಿ ರೈಲು ಹಳಿ ಬಿತ್ತು. ಲೌಡನ್, ಕ್ಲಾರೆನ್ಸ್, ಮೆಕ್ಯಾನಿಕ್ಸ್‌ವಿಲ್ ಊರುಗಳು ಆ ಹಳಿಯ ಉದ್ದಕ್ಕೂ ಬೆಳೆದವು. ಲೌಡನ್, ಬೆನೆಟ್, ಡ್ಯುರಂಟ್ ಕಡೆ ಜರ್ಮನಿಯಿಂದ ಬಂದ ರೈತರು ನೆಲೆ ನಿಂತರು. ಮನೆಯಲ್ಲಿ ಜರ್ಮನ್, ಚರ್ಚಿನಲ್ಲಿ ಜರ್ಮನ್, ಅಂಗಡಿಯಲ್ಲೂ ಜರ್ಮನ್. ಎರಡು ಮೂರು ತಲೆಮಾರು ಹೀಗೇ ನಡೆಯಿತು. ಯಾರಿಗೂ ತೊಂದರೆ ಇರಲಿಲ್ಲ.

1917ರಲ್ಲಿ ಅಮೆರಿಕ ಜರ್ಮನಿಯ ಮೇಲೆ ಯುದ್ಧಕ್ಕೆ ಇಳಿಯಿತು. ಮರುವರ್ಷ ಮೇ 23ರಂದು ಅಯೋವಾ ಗವರ್ನರ್ ವಿಲಿಯಂ ಹಾರ್ಡಿಂಗ್ ಒಂದು ಆಜ್ಞೆ ಹೊರಡಿಸಿದರು. ಶಾಲೆಯಲ್ಲಿ ಇಂಗ್ಲಿಷ್ ಮಾತ್ರ. ರಸ್ತೆಯಲ್ಲಿ, ರೈಲಿನಲ್ಲಿ, ಫೋನಿನಲ್ಲಿ ಇಂಗ್ಲಿಷ್ ಮಾತ್ರ. ಭಾಷಣವೂ ಇಂಗ್ಲಿಷಿನಲ್ಲೇ. ಇಂಗ್ಲಿಷ್ ಬಾರದವರು ಪ್ರಾರ್ಥನೆಯನ್ನು ಮನೆಯೊಳಗೆ ಮಾಡಿಕೊಳ್ಳಲಿ. ಜರ್ಮನ್ ಒಂದಕ್ಕೇ ಅಲ್ಲ, ಇಂಗ್ಲಿಷ್ ಬಿಟ್ಟು ಎಲ್ಲ ಭಾಷೆಗೂ ಈ ಕಟ್ಟು. ಡ್ಯಾನಿಷ್, ನಾರ್ವೇಜಿಯನ್, ಚೆಕ್ ಜನರೂ ಸಿಕ್ಕಿಕೊಂಡರು. ಬೈಬಲ್‌ನಲ್ಲಿ ಭಾಷೆಗಳು ಕಲಸಿಹೋದ ಗೋಪುರದ ಕಥೆಯಿದೆ. ಅದರ ಹೆಸರಿನಿಂದ ಇದನ್ನು 'ಬಾಬೆಲ್ ಆಜ್ಞೆ' ಎಂದು ಕರೆಯುತ್ತಾರೆ.

ಫೋನಿನ ಮಾತು ಯಾಕೆ ಮುಖ್ಯ ಅಂದರೆ, ಆಗ ಹಳ್ಳಿಗಳಲ್ಲಿ ಹತ್ತಾರು ಮನೆಗೆ ಒಂದೇ ತಂತಿ. ಒಬ್ಬರು ಮಾತಾಡಿದರೆ ಉಳಿದವರು ಎತ್ತಿ ಕೇಳಬಹುದು. ಪಕ್ಕದ ಸ್ಕಾಟ್ ಕೌಂಟಿಯಲ್ಲಿ ಹೀಗೆ ಜರ್ಮನ್ ಮಾತಾಡಿದ ನಾಲ್ವರು ಹೆಂಗಸರು 225 ಡಾಲರ್ ದಂಡ ತೆತ್ತರು. ದುಡ್ಡು ರೆಡ್ ಕ್ರಾಸ್‌ಗೆ ಹೋಯಿತು.

ಯೋಚಿಸಿ ನೋಡಿ. ಅಜ್ಜಿಗೆ ಬರುವುದು ಒಂದೇ ಭಾಷೆ. ಸತ್ತವರಿಗೆ ಮಣ್ಣು ಕೊಡುವಾಗಲೂ ಆ ಭಾಷೆಯಲ್ಲಿ ಬಹಿರಂಗವಾಗಿ ಪ್ರಾರ್ಥನೆ ಹೇಳುವ ಹಾಗಿಲ್ಲ. ಭಾಷೆಗಾಗಿ ಜೀವ ಬಿಡುವ ನಾಡಿನವರಾದ ನಮಗೆ ಇದರ ನೋವು ಬಿಡಿಸಿ ಹೇಳಬೇಕಾಗಿಲ್ಲ. ಆಜ್ಞೆ ಅದೇ ವರ್ಷದ ಡಿಸೆಂಬರ್‌ನಲ್ಲಿ, ಯುದ್ಧ ಮುಗಿದ ಮೇಲೆ, ರದ್ದಾಯಿತು. ಆದರೆ ಬಹಳ ಚರ್ಚುಗಳು, ಬಹಳ ಮನೆಗಳು ಜರ್ಮನ್ ಕಡೆಗೆ ಪೂರ್ತಿಯಾಗಿ ವಾಪಸ್ ಹೋಗಲೇ ಇಲ್ಲ.

ಈ ಸಲ ಜನ ಎದುರು ನಿಲ್ಲಲಿಲ್ಲ. ತಲೆ ತಗ್ಗಿಸಿ ಸುಮ್ಮನಾದರು. ಅದು ಎಲ್ಲಿಗೆ ಹೋಯಿತು, ಆ ನುಂಗಿಕೊಂಡ ಸಿಟ್ಟು? ದಾಖಲೆಯಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. ಹದಿಮೂರು ವರ್ಷದ ನಂತರ ನಡೆದದ್ದರಲ್ಲಿ ಅದರ ಪಾಲೂ ಇತ್ತು ಎಂಬುದು ನನ್ನ ಅನಿಸಿಕೆ.

ಮೂರನೆಯ ಸಲ: ಹಸುಗಳಿಗಾಗಿ

ಇನ್ನು ಕಾಯಿಲೆಯ ವಿಷಯ. ಹಸುವಿನ ಟಿಬಿ ತರುವ ಕ್ರಿಮಿ ಮನುಷ್ಯರ ಟಿಬಿ ಕ್ರಿಮಿಯ ಹತ್ತಿರದ ಸಂಬಂಧಿ. ಹಾಲಿನ ಮೂಲಕ ಮಕ್ಕಳ ಹೊಟ್ಟೆ ಸೇರುತ್ತದೆ. ಕುತ್ತಿಗೆಯಲ್ಲಿ ಗಡ್ಡೆ ಬರಬಹುದು, ಮೂಳೆಗೆ, ಬೆನ್ನಿಗೆ ಹತ್ತಬಹುದು. ಕಷ್ಟ ಏನೆಂದರೆ, ಕಾಯಿಲೆ ಇರುವ ಹಸು ಬಹಳ ದಿನ ಚೆನ್ನಾಗಿಯೇ ಕಾಣುತ್ತದೆ. ಮೇಯುತ್ತದೆ, ಹಾಲು ಕೊಡುತ್ತದೆ, ಕರು ಹಾಕುತ್ತದೆ. ಮೈಸವರಿ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಗೊತ್ತಾಗುವ ದಾರಿ ಟ್ಯುಬರ್ಕ್ಯುಲಿನ್ ಪರೀಕ್ಷೆ. ಈ ದ್ರವವನ್ನು 1890ರಲ್ಲಿ ಜರ್ಮನಿಯ ರಾಬರ್ಟ್ ಕೋಖ್ ಟಿಬಿಗೆ ಮದ್ದು ಎಂದುಕೊಂಡು ಹೊರತಂದರು. ಮದ್ದಾಗಿ ಅದು ಸೋತಿತು, ಕಾಯಿಲೆ ಪತ್ತೆ ಮಾಡುವ ಸಾಧನವಾಗಿ ಗೆದ್ದಿತು. ಬಾಲದ ಬುಡದ ಚರ್ಮದ ಮಡಿಕೆಯಲ್ಲಿ ಒಂದು ಹನಿ ಚುಚ್ಚುತ್ತಾರೆ. ಮೂರು ದಿನ ಬಿಟ್ಟು ಬಂದು ಮುಟ್ಟಿ ನೋಡುತ್ತಾರೆ. ಬಾವು ಬಂದಿದ್ದರೆ ಹಸುವಿನ ಮೈಯಲ್ಲಿ ಕ್ರಿಮಿ ಇದೆ ಎಂದರ್ಥ. ಆ ಹಸು ಕಸಾಯಿಖಾನೆಗೆ.

1917ರಲ್ಲಿ ಅಮೆರಿಕ ಸರ್ಕಾರ ದೇಶದ ಎಲ್ಲ ದನಗಳಿಗೂ ಈ ಪರೀಕ್ಷೆ ಮಾಡಿಸಲು ಹೊರಟಿತು. ಆಗ ನೂರಕ್ಕೆ ಸುಮಾರು 5 ದನಗಳಲ್ಲಿ ಟಿಬಿ ಇತ್ತು. ಇಡೀ ಕೌಂಟಿಯ ದನಗಳು ಚೊಕ್ಕವಾದರೆ ಆ ಕೌಂಟಿಗೆ ಪ್ರಮಾಣಪತ್ರ. ಪತ್ರ ಇರುವ ಕೌಂಟಿಯಿಂದ ಬಂದ ಹಂದಿಗಳಿಗೆ ಮಾಂಸದ ಕಂಪನಿಗಳು ನೂರು ಪೌಂಡಿಗೆ 10 ಸೆಂಟ್ ಜಾಸ್ತಿ ಕೊಡುತ್ತಿದ್ದವು. ಹಂದಿ ಯಾಕೆ ಅಂದರೆ, ಅಲ್ಲಿ ದನದ ಜೊತೆಗೇ ಹಂದಿ ಸಾಕುತ್ತಾರೆ, ದನದ ಕಾಯಿಲೆ ಹಂದಿಗೂ ಬರುತ್ತದೆ. ಹೀಗಾಗಿ ಸೂಜಿ ಹಾಕಿಸಿಕೊಳ್ಳದ ಒಬ್ಬ ರೈತನಿಂದ ಇಡೀ ಕೌಂಟಿಗೆ ನಷ್ಟ. ದೊಡ್ಡ ರೈತರ ಸಂಘವಾದ ಫಾರ್ಮ್ ಬ್ಯೂರೋ ಪರೀಕ್ಷೆಯ ಪರ ನಿಂತಿತು. ಸಣ್ಣಪುಟ್ಟ ರೈತರು ಜಾಸ್ತಿ ಇದ್ದ ಫಾರ್ಮರ್ಸ್ ಯೂನಿಯನ್, ಅದರ ಮುಂದಾಳು ಮೈಲೋ ರೀನೋ, ವಿರುದ್ಧ ನಿಂತರು. ಅಯೋವಾದಲ್ಲಿ 1929ರ ಕಾನೂನಿನಿಂದ ಪರೀಕ್ಷೆ ರಾಜ್ಯಕ್ಕೆಲ್ಲ ಕಡ್ಡಾಯವಾಯಿತು.

ರೈತರ ತಕರಾರು ಏನಿತ್ತು? ಒಂದಲ್ಲ, ಹಲವು. ಕೆಲವು ತಪ್ಪು, ಕೆಲವು ಸರಿ. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು.

ಸೂಜಿಯಿಂದ ಹಸು ಕಂದು ಹಾಕುತ್ತದೆ, ಸೂಜಿಯಿಂದಲೇ ಟಿಬಿ ಬರುತ್ತದೆ ಎಂಬ ಮಾತು ಹಬ್ಬಿತ್ತು. ಇದು ತಪ್ಪು. ಆದರೆ ಪರೀಕ್ಷೆ ಕೆಲವು ಸಲ ಮೋಸ ಮಾಡುತ್ತದೆ ಎಂಬ ಮಾತಿನಲ್ಲಿ ಹುರುಳಿತ್ತು. ಬಾವು ಬಂದ ಕೆಲವು ಹಸುಗಳನ್ನು ಕಡಿದು ನೋಡಿದಾಗ ಒಳಗೆ ಕಾಯಿಲೆಯ ಗುರುತೇ ಕಾಣುತ್ತಿರಲಿಲ್ಲ. ರೈತ ತನ್ನ ಕಣ್ಣಾರೆ ಇದನ್ನು ಕಂಡಿದ್ದ. ತಿಳಿದವರಲ್ಲೇ ಒಮ್ಮತ ಇರಲಿಲ್ಲ ಎನ್ನುವುದೂ ನೆನಪಿರಲಿ. ಹಸುವಿನ ಟಿಬಿಯಿಂದ ಮನುಷ್ಯರಿಗೆ ಅಂಥ ಅಪಾಯವಿಲ್ಲ ಎಂದು 1901ರಲ್ಲಿ ಲಂಡನ್ನಿನಲ್ಲಿ ಹೇಳಿದ್ದು ಬೇರೆ ಯಾರೂ ಅಲ್ಲ, ಸ್ವತಃ ಕೋಖ್. ಆ ಮಾತು ತಪ್ಪು ಎಂದು ಗಟ್ಟಿಯಾಗಿ ತೋರಿಸಲು ಬ್ರಿಟನ್ನಿನ ಆಯೋಗವೊಂದಕ್ಕೆ ಹತ್ತು ವರ್ಷ ಹಿಡಿಯಿತು.

ಇನ್ನೊಂದು ವಿಷಯ ರೈತರಿಗೆ ನುಂಗಲಾರದ ತುತ್ತಾಗಿತ್ತು. ಟಿಬಿ ಎಂದು ಎಳೆದೊಯ್ದ ಹಸುವಿನಲ್ಲಿ ಕಾಯಿಲೆ ಒಂದೆರಡು ಕಡೆ ಮಾತ್ರ ಇದ್ದರೆ, ಉಳಿದ ಮಾಂಸವನ್ನು ತಪಾಸಣೆ ಮಾಡಿ ಮಾರಾಟಕ್ಕೆ ಬಿಡುತ್ತಿದ್ದರು. ಹಾಲು ವಿಷ, ಮಾಂಸ ತಿನ್ನಬಹುದು! ವಿಜ್ಞಾನದ ಪ್ರಕಾರ ಇದಕ್ಕೆ ಕಾರಣವಿದೆ, ಮಾಂಸವನ್ನು ಬೇಯಿಸಿ ತಿನ್ನುತ್ತಾರೆ, ಕೆಟ್ಟ ಭಾಗ ಕತ್ತರಿಸಿ ಎಸೆಯುತ್ತಾರೆ. ಆದರೆ ಹಸು ಕಳೆದುಕೊಂಡವನಿಗೆ ಇದು ಮೇಲುನೋಟಕ್ಕೆ ಏನಾಗಿ ಕಾಣುತ್ತದೆ? ಮಾಂಸದ ಕಂಪನಿಗೆ ಅಗ್ಗದ ದನ ಒದಗಿಸುವ ಹೂಟ ಅನಿಸುತ್ತದೆ, ಅಲ್ವಾ?

ಎಲ್ಲಕ್ಕಿಂತ ದೊಡ್ಡದು ದುಡ್ಡು. ಹಸುವಿನ ಬೆಲೆ ಕಟ್ಟುತ್ತಿದ್ದರು. ಅದರಲ್ಲಿ ಕಸಾಯಿಖಾನೆಯಿಂದ ಬಂದ ಹಣ ಕಳೆದು ಉಳಿಯುವುದೇ ನಷ್ಟ. ಆ ನಷ್ಟದಲ್ಲಿ ಮೂರನೇ ಒಂದು ಪಾಲು ಕೇಂದ್ರ ಸರ್ಕಾರ, ಇನ್ನೊಂದು ಪಾಲು ರಾಜ್ಯ ಕೊಡಬೇಕು, ಅದಕ್ಕೂ ಒಂದು ಮಿತಿ. ಉಳಿದದ್ದು ರೈತನ ತಲೆಗೆ. ಒಳ್ಳೆಯ ಕಾಲದಲ್ಲಿ ತಡೆದುಕೊಳ್ಳಬಹುದಿತ್ತು. 1931 ಒಳ್ಳೆಯ ಕಾಲವಾಗಿರಲಿಲ್ಲ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಒಂದು ಬುಶೆಲ್, ಅಂದರೆ ಸುಮಾರು 25 ಕಿಲೋ ಮೆಕ್ಕೆಜೋಳಕ್ಕೆ ಡಾಲರಿಗಿಂತ ಜಾಸ್ತಿ ಸಿಗುತ್ತಿತ್ತು. ಆ ಧಾರಣೆ ನಂಬಿ ರೈತರು ಸಾಲ ಮಾಡಿ ಜಮೀನು ಕೊಂಡಿದ್ದರು. 1920ರ ನಂತರ ಬೆಲೆ ಕುಸಿಯಿತು, 1932ರ ಹೊತ್ತಿಗೆ ಹತ್ತು ಹನ್ನೆರಡು ಸೆಂಟಿಗೆ ಇಳಿಯಿತು. ಕಲ್ಲಿದ್ದಲು ಕೊಳ್ಳುವುದಕ್ಕಿಂತ ಜೋಳವನ್ನೇ ಒಲೆಗೆ ಹಾಕುವುದು ಅಗ್ಗ ಎಂದು ಕೆಲವರು ಹಾಗೇ ಮಾಡಿದರು. ಬ್ಯಾಂಕುಗಳು ಬಾಗಿಲು ಹಾಕುತ್ತಿದ್ದವು. ವಾರ ವಾರ ಕೈಗೆ ಕಾಸು ಬರುತ್ತಿದ್ದದ್ದು ಕೆನೆ, ಬೆಣ್ಣೆ ಮಾರಿ. ಅಂಥ ಹೊತ್ತಿನಲ್ಲಿ ಕೊಟ್ಟಿಗೆಯಿಂದ ನಾಲ್ಕು ಹಸು ಹೋದರೆ ಮನೆ ನಡೆಯುವುದು ಹೇಗೆ?

ಈ ಸಂಕಟಕ್ಕೆ ಗಾಳಿ ಹಾಕಿದವನು ನಾರ್ಮನ್ ಬೇಕರ್. ಪಕ್ಕದ ಮಸ್ಕಟೀನ್ ಊರಿನಲ್ಲಿ ಅವನದ್ದೇ ರೇಡಿಯೋ ಕೇಂದ್ರ ಇತ್ತು. ಕ್ಯಾನ್ಸರ್‌ಗೆ ಮದ್ದಿದೆ ಎಂದು ಆಸ್ಪತ್ರೆಯನ್ನೂ ತೆರೆದಿದ್ದ. ವೈದ್ಯರ ಸಂಘ ಅವನನ್ನು ಬಯಲಿಗೆಳೆದಷ್ಟೂ ಅವನು ವೈದ್ಯರನ್ನು, ದನದ ಡಾಕ್ಟರರನ್ನು, ಸರ್ಕಾರವನ್ನು ಬೈಯುತ್ತಿದ್ದ. ರೈತರ ನಿಜವಾದ ನೋವಿಗೆ ಸುಳ್ಳು ಕಾರಣಗಳನ್ನು ಅಂಟಿಸಿದ. 1931ರಲ್ಲಿ ಅವನ ರೇಡಿಯೋ ಲೈಸೆನ್ಸ್ ಹೋಯಿತು. 1940ರಲ್ಲಿ ಅಂಚೆ ಮೂಲಕ ಮೋಸ ಮಾಡಿದ್ದಕ್ಕೆ ಶಿಕ್ಷೆಯೂ ಆಯಿತು. ಆದರೆ ಅವನು ಆಡಿದ ಮಾತು ಅಷ್ಟರಲ್ಲಿ ಹೊಲ ಹೊಲ ದಾಟಿಹೋಗಿತ್ತು.

1931ರ ಮಾರ್ಚ್‌ನಲ್ಲಿ ಸುಮಾರು ಸಾವಿರ ರೈತರು ಡೆ ಮಾಯ್ನ್‌ಗೆ ಹೋಗಿ, ಪರೀಕ್ಷೆ ಕಡ್ಡಾಯ ಬೇಡ, ಇಷ್ಟವಿದ್ದವರಿಗೆ ಮಾಡಿ ಎಂದು ಕೇಳಿಕೊಂಡರು. ಕೆಲಸವಾಗಲಿಲ್ಲ. ವಸಂತದಲ್ಲಿ ಡಾಕ್ಟರರು ಬಂದಾಗ ನೂರಾರು ಜನ ಅಂಗಳದಲ್ಲಿ ಸೇರಿ ವಾಪಸ್ ಕಳಿಸಿದರು. ಸ್ಥಳೀಯ ಷರೀಫ್ ಏನು ಮಾಡಬಲ್ಲ? ಎದುರಿಗೆ ನಿಂತವರು ಅವನಿಗೆ ವೋಟು ಹಾಕಿದವರೇ.

ಸೆಪ್ಟೆಂಬರ್ 21ರಂದು ಸರ್ಕಾರ ಗಟ್ಟಿ ಮನಸ್ಸು ಮಾಡಿತು. ಈ ನೆಲವನ್ನು ಮೂಲ ಜನರಿಂದ ಬರೆಸಿಕೊಂಡ ದಿನಕ್ಕೆ ಸರಿಯಾಗಿ 99 ವರ್ಷ. ಟಿಪ್ಟನ್‌ನ ದಕ್ಷಿಣಕ್ಕಿದ್ದ ಜೇಕ್ ಲೆಂಕರ್ ಎಂಬ ರೈತನ ಹೊಲಕ್ಕೆ ಡಾಕ್ಟರರ ಜೊತೆ ಸುಮಾರು 65 ಪೊಲೀಸರು ಬಂದರು. ಕಾದಿದ್ದವರು ಸುಮಾರು 400 ರೈತರು. ಕೆಸರು ಎರಚಿದರು, ನೀರು ಎರಚಿದರು. ಕಾರುಗಳ ಗಾಜು ಒಡೆದರು, ಟೈರು ಕುಯ್ದರು. ಪೊಲೀಸರು ಅಶ್ರುವಾಯು ಬಿಟ್ಟರೂ ನಿಲ್ಲಲಾಗಲಿಲ್ಲ. ಡಾಕ್ಟರರು ಸೂಜಿ ತೆಗೆಯದೆಯೇ ಹಿಂದಿರುಗಿದರು.

ಗವರ್ನರ್ ಡ್ಯಾನ್ ಟರ್ನರ್ ಸೈನಿಕ ಆಡಳಿತ ಘೋಷಿಸಿ, ರಾಜ್ಯದ ಕೈಯಲ್ಲಿರುವ ಮೀಸಲು ಸೈನ್ಯವಾದ ನ್ಯಾಷನಲ್ ಗಾರ್ಡ್ ಪಡೆಯನ್ನು ಕಳಿಸಿದರು. ಟಿಪ್ಟನ್‌ನ ಜಾತ್ರೆ ಮೈದಾನದಲ್ಲಿ ಡೇರೆಗಳು ಎದ್ದವು. ದನದ ಪ್ರದರ್ಶನ ನಡೆಯುವ ಜಾಗದಲ್ಲಿ ಮೆಷಿನ್ ಗನ್. ಬಂದವರೂ ಬಹುಪಾಲು ಅಯೋವಾ ಹುಡುಗರೇ. ಅವರು ಕಾವಲು ನಿಂತರು, ಡಾಕ್ಟರರು ಕೊಟ್ಟಿಗೆಯಿಂದ ಕೊಟ್ಟಿಗೆಗೆ ಹೋಗಿ ಸೂಜಿ ಹಾಕಿದರು. ಕೆಲವೇ ವಾರಗಳಲ್ಲಿ ಕೆಲಸ ಮುಗಿಯಿತು. ರಕ್ತಪಾತ ಆಗಲಿಲ್ಲ. ಲೆಂಕರ್ ಮತ್ತು ಅವನ ಜೊತೆಗಾರ ಪಾಲ್ ಮೂರ್‌ಗೆ ಜೈಲು ಶಿಕ್ಷೆಯಾಯಿತು, ಪೂರ್ತಿ ಅವಧಿ ಮುಗಿಯುವ ಮೊದಲೇ ಹೊರಬಂದರು.

ಇದೆಲ್ಲ ನಡೆಯುವಾಗ ಅಮೆರಿಕದ ಅಧ್ಯಕ್ಷರಾಗಿದ್ದವರು ಇದೇ ಕೌಂಟಿಯ ಮಗ, ಹರ್ಬರ್ಟ್ ಹೂವರ್. 1874ರಲ್ಲಿ ವೆಸ್ಟ್ ಬ್ರ್ಯಾಂಚ್‌ನ 14 ಅಡಿ ಅಗಲ, 20 ಅಡಿ ಉದ್ದದ ಎರಡು ಕೋಣೆಯ ಮನೆಯಲ್ಲಿ ಹುಟ್ಟಿದವರು. ತಂದೆ ಕಮ್ಮಾರ. ತಾಯಿ ಕ್ವೇಕರ್ ಸಭೆಯಲ್ಲಿ ಎದ್ದು ನುಡಿಯುತ್ತಿದ್ದ ಹೆಣ್ಣುಮಗಳು. ಹತ್ತು ವರ್ಷ ತುಂಬುವ ಮೊದಲೇ ಇಬ್ಬರನ್ನೂ ಕಳೆದುಕೊಂಡು, ದೂರದ ಆರೆಗನ್‌ನಲ್ಲಿದ್ದ ಸೋದರಮಾವನ ಮನೆಗೆ ರೈಲು ಹತ್ತಿದ ಹುಡುಗ. 1932ರ ಚುನಾವಣೆಯಲ್ಲಿ ಅಯೋವಾ ತನ್ನ ಮಗನನ್ನು ಕೈಬಿಟ್ಟು ರೂಸ್‌ವೆಲ್ಟ್‌ಗೆ ವೋಟು ಹಾಕಿತು. ಗವರ್ನರ್ ಟರ್ನರ್ ಕೂಡ ಸೋತರು. ಮೈಲೋ ರೀನೋ ಅದೇ ವರ್ಷ 'ರೈತರ ರಜೆ' ಚಳವಳಿ ಶುರು ಮಾಡಿದ್ದರು. ಬೆಲೆ ಏರುವ ತನಕ ಹಾಲು, ದವಸ ಮಾರುವುದಿಲ್ಲ ಎಂದು ರೈತರು ಹೆದ್ದಾರಿಗೆ ಅಡ್ಡ ಕೂತರು. ಸೀಡರ್ ಕೌಂಟಿಯ ಕೆಸರು ಅಂಗಳದಲ್ಲಿ ಹತ್ತಿದ ಕಿಡಿ ರಾಜ್ಯದ ಆಚೆಗೂ ಹರಡಿತು. ಹೂವರ್ 1964ರಲ್ಲಿ ತೀರಿಕೊಂಡಾಗ ಅವರನ್ನು ವೆಸ್ಟ್ ಬ್ರ್ಯಾಂಚ್‌ಗೇ ತಂದು, ಹುಟ್ಟಿದ ಮನೆ ಕಾಣುವ ದಿಬ್ಬದ ಮೇಲೆ ಮಣ್ಣು ಮಾಡಿದರು.

ಹಾಗಾದರೆ ಯಾರು ಸರಿ? ಪರೀಕ್ಷೆ ಸರಿ, ಅದರಲ್ಲಿ ನನಗೆ ಅನುಮಾನವಿಲ್ಲ. ರೈತರು ಅದನ್ನು ತಡೆದದ್ದು ತಪ್ಪು. ಆದರೆ ಎಲ್ಲರ ಆರೋಗ್ಯಕ್ಕಾಗಿ ಕೊಡುವ ಹಸುವಿನ ನಷ್ಟದಲ್ಲಿ ಒಂದು ಪಾಲು, ಮಿತಿ ದಾಟಿದರೆ ಇನ್ನೂ ಜಾಸ್ತಿ, ಆ ಒಬ್ಬ ರೈತನೇ ಹೊರಬೇಕು ಎಂದದ್ದು ಅನ್ಯಾಯ. ಅದೂ ಅವನು ಮುಳುಗುತ್ತಿದ್ದ ವರ್ಷದಲ್ಲಿ. ಪೂರ್ತಿ ಪರಿಹಾರ ಕೊಟ್ಟಿದ್ದರೆ ಜೇಕ್ ಲೆಂಕರ್‌ನ ಅಂಗಳದಲ್ಲಿ ನಾನೂರು ಜನ ಸೇರುತ್ತಿದ್ದರೇ? ನನಗೆ ಹಾಗನಿಸುವುದಿಲ್ಲ. ಕಾಪಾಕ್ ಹುಡುಗನನ್ನು ಉಳಿಸಿದ ಹಟವೂ ಲೆಂಕರ್‌ನ ಅಂಗಳದ ಹಟವೂ ಒಂದೇ ಮಣ್ಣಿನದು. ಒಂದಕ್ಕೆ ಫಲಕ ಹಾಕಿ, ಇನ್ನೊಂದಕ್ಕೆ ಸುಮ್ನೆ ನಕ್ಕು ಮುಂದೆ ಹೋಗುವುದು ಸರಿ ಕಾಣುವುದಿಲ್ಲ.

1917ರಿಂದ 1940ರ ನಡುವೆ ದೇಶದಲ್ಲಿ 23 ಕೋಟಿಗೂ ಹೆಚ್ಚು ಸಲ ಈ ಸೂಜಿ ಹಾಕಿದರು. ಸುಮಾರು 38 ಲಕ್ಷ ದನಗಳು ಕಸಾಯಿಖಾನೆಗೆ ಹೋದವು. 1940ರ ಹೊತ್ತಿಗೆ ದೇಶದಲ್ಲಿ ಟಿಬಿ ಇದ್ದ ದನಗಳು ಇನ್ನೂರಕ್ಕೆ ಒಂದಕ್ಕಿಂತ ಕಮ್ಮಿ. ಪಟ್ಟಣದ ಮಕ್ಕಳಿಗೆ ಡೇರಿಗಳು ಆಗಲೇ ಹಾಲು ಕಾಯಿಸಿ ಕೊಡುತ್ತಿದ್ದವು. ಅಂಥ ಕಾವಲು ಇಲ್ಲದೆ ಇದ್ದದ್ದು ಹೊಲದ ಮನೆಯ ಮಕ್ಕಳಿಗೆ. ಸಂಜೆ ಅಪ್ಪ ಕರೆದು ತಂದ ಹಾಲನ್ನು ಬೆಚ್ಚಗೆ, ಹಸಿಯಾಗಿ ಕುಡಿಯುತ್ತಿದ್ದದ್ದು ಅವರೇ. ಸೂಜಿಯಿಂದ ಎಲ್ಲರಿಗಿಂತ ಮೊದಲು ಬದುಕಿಕೊಂಡದ್ದು ಆ ಅಂಗಳಗಳಲ್ಲಿ ಆಡುತ್ತಿದ್ದ ಮಕ್ಕಳು.